ಕಲ್ಲಿನ ನೋವೆಂದು ಹೇಳಿದ ದಿನ

ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿ ಕಾಫಿ ಒಯ್ದರೆ, ನಮ್ಮ ಯಜಮಾನರು ಆ ಸೆಕೆಯಲ್ಲೂ ಕಂಬಳಿ ಹೊದ್ದು ಮಂಚದ ತುದಿಯಲ್ಲಿ ಕುಳಿತಿದ್ದರು. ಹಣೆ ತುಂಬ ಬೆವರು. "ಕಿಡ್ನಿ ಕಲ್ಲಿರಬೇಕು ಕಣೇ, ಸಂಜೆ ನೋಡಿದ್ರಾಯ್ತು" ಎಂದರು. ಕಂಬಳಿ ಮಾತ್ರ ಮುಟ್ಟಗೊಡಲಿಲ್ಲ.

ದಿಂಬಿನ ಪಕ್ಕ ಮಾತ್ರೆಯ ಖಾಲಿ ಪಟ್ಟಿ ಕಂಡಿತು. ಗಂಡಸುತನದ ಮಾತ್ರೆ. ಗದರಿಸಿ ಕೇಳಿದ ಮೇಲೆ ಬಾಯಿಬಿಟ್ಟರು. ಕೊಬ್ಬರಿ ಮಂಡಿಯ ಗೆಳೆಯ ಕೊಟ್ಟದ್ದಂತೆ. ಮಲಗುವಾಗ ಒಂದು ಸಾಲದೆಂದು ಎರಡು ನುಂಗಿದ್ದರು. ಆಮೇಲೆ ಬಂದ ಬಿಗಿತ ಬೆಳಗಾದರೂ ಇಳಿದಿರಲಿಲ್ಲ, ನೋವು ಏರುತ್ತಲೇ ಇತ್ತು.

ಜಾವಗಲ್‌ನಿಂದ ಅರಸೀಕೆರೆಯವರೆಗೆ ಕಾರಿನಲ್ಲಿ ಅವರು ಕಂಬಳಿ ಹೊದ್ದೇ ಬಂದರು. ಆಸ್ಪತ್ರೆಯಲ್ಲಿದ್ದ ಡಾಕ್ಟರ್ ನಮ್ಮ ಮಗಳ ವಯಸ್ಸಿನ ಹುಡುಗಿ. ಅವಳಿಗೂ ಕಲ್ಲೆಂದೇ ಹೇಳಿದರು. ಕನ್ನಡದಲ್ಲಿ ನನ್ನ ಬಾಯಿಗೂ ಬಾರದ್ದನ್ನು ಕಾನ್ವೆಂಟಿನ ಇಂಗ್ಲಿಷಿನಲ್ಲಿ, ನೆಲ ನೋಡುತ್ತ, ಪಾಠ ಒಪ್ಪಿಸಿದಂತೆ ಹೇಳಿಬಿಟ್ಟೆ. ಆಕೆ ತಕ್ಷಣ ಎದ್ದಳು. ಕಟ್ಟಿಕೊಂಡ ರಕ್ತವನ್ನು ಸೂಜಿಯಿಂದ ತೆಗೆದು ಇಂಜೆಕ್ಷನ್ ಕೊಟ್ಟಳು.

"ಅಪರೂಪಕ್ಕೆ ಹೀಗಾಗುತ್ತೆ ಆಂಟಿ. ಶುರುವಾಗಿ ನಾಲ್ಕು ತಾಸು ದಾಟಿದ ಕೂಡಲೇ ಬರಬೇಕಿತ್ತು. ಸಂಜೆಗೆ ಬಂದಿದ್ರೆ ಜೀವನಪೂರ್ತಿ ತೊಂದರೆ ಉಳಿದುಬಿಡೋದು."

ಮನೆ ಸೇರಿದೆವು. ಜಗುಲಿಯಲ್ಲಿ ನಮ್ಮವರು ಪಕ್ಕದ ಮನೆಯ ಗೌರಮ್ಮನಿಗೂ ಕಲ್ಲಿನ ಕತೆಯನ್ನೇ ಹೇಳಿದರು. ಆಕೆ ಒಂದು ತುಂಡು ಬಾಳೆದಿಂಡು ತಂದು ನನ್ನ ಕೈಗಿಟ್ಟರು. "ರಸ ತೆಗೆದು ಕುಡ್ಸಿ, ಕರಗೋಯ್ತದೆ. ಬೆಳಿಗ್ಗೆನೇ ಒಂದು ಮಾತು ಹೇಳ್ಬಾರ್ದಿತ್ತಾ ಕಣ್ರೀ? ನಾಚ್ಕೊಂಡು ಮುಚ್ಚಿಡೋ ಅಂಥ ಕಾಯಿಲೆ ಏನಲ್ವಲ್ಲ!"