ಪೂಜೆಗೆ ಮುಂಚಿನ ಸೂಜಿ

ಗುಳಿಗೆಯಿಂದ ನನ್ನ ಗಂಡನ ಸಕ್ಕರೆ ಕಾಯಿಲೆ ಇಳಿಯಲಿಲ್ಲ. ದಿನಾ ಇನ್ಸುಲಿನ್ ಸೂಜಿ ಬೇಕೆಂದು ಜೇವರ್ಗಿಯ ಡಾಕ್ಟರು ಹೇಳಿದರು. ನಮ್ಮೂರು ನೆಲೋಗಿಯಲ್ಲಿ ದಿನಾ ಬಂದು ಚುಚ್ಚುವವರು ಯಾರಿದ್ದರು? ಕೆಲಸ ನನ್ನ ಪಾಲಿಗೆ ಬಂತು.

ಡಾಕ್ಟರು ಬದನೆಕಾಯಿಗೆ ಚುಚ್ಚಿಸಿ ಕಲಿಸಿದರು. "ಮುಂಜಾನೆ ಸೂಜಿ ಕೊಡ್ರಿ, ಅರ್ಧ ತಾಸಿಗಿ ಉಣ್ಣಾಕ ಕೊಡ್ರಿ. ಮೈ ಬೆವರಿದ್ರ ಲಗೂನ ಸಕ್ರಿ ತಿನಸ್ರಿ," ಅಂದರು. ನಾನು ಹೂಂ ಅಂದೆ.

ಗಾಜಿನ ಸಿರಿಂಜು ಕುದಿಸಿ, ಔಷಧದ ಗೆರೆಯನ್ನು ಎರಡೆರಡು ಸಲ ನೋಡುತ್ತಿದ್ದೆ. ಸೂಜಿ ಒಳಗೇ ಮುರಿದೀತು, ಔಷಧ ಹೆಚ್ಚಾದೀತು ಎಂಬ ಹೆದರಿಕೆ. ಪೂಜೆಗೆ ಮಾತ್ರ ಹೆದರಿರಲಿಲ್ಲ. ಲಿಂಗಪೂಜೆ ಮುಗಿಯದೆ ಅವರು ನೀರೂ ಮುಟ್ಟುವವರಲ್ಲ. ಆದರೆ ಸೂಜಿ ಚುಚ್ಚಿಸಿಕೊಂಡು ಕುಳಿತರೂ ಪೂಜೆ ದಿನಾ ಅರ್ಧ ತಾಸಿನೊಳಗೆ ಮುಗಿಯುತ್ತಿತ್ತು.

ಶ್ರಾವಣದ ಮೊದಲ ಸೋಮವಾರ ವಿಶೇಷ ಪೂಜೆ, ಬೇಗ ಮುಗಿಯಲಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ಮಂತ್ರದ ದನಿ ತೊದಲಿತು, ಆಮೇಲೆ ನಿಂತಿತು. ಹೋಗಿ ನೋಡಿದರೆ ಬೆನ್ನೆಲ್ಲ ಬೆವರು, ಅಂಗೈಯಲ್ಲಿ ಲಿಂಗ ಗಡಗಡ ನಡುಗುತ್ತಿದೆ.

"ಸಾಕ್ರಿ, ಏಳ್ರಿ," ಅಂದೆ.

"ಯಾರಬೇ ನೀ?" ಅಂದರು.

ಚುಚ್ಚಿದವಳು ನಾನೇ. ಓಡಿ ಬೆಲ್ಲ ತಂದೆ.

ಬಾಗಿಲಲ್ಲಿ ಅತ್ತೆ ಕೂಗಿದಳು: "ಕೈಯಾಗ ಲಿಂಗ ಅದ! ಎಂಜಲ ಮಾಡಬ್ಯಾಡ!"

"ದೇವರು ಸಿಟ್ಟಾದ್ರ ಆಮ್ಯಾಲ ಕಾಲಿಗಿ ಬೀಳ್ತೇನಿ ಅತ್ತಿ. ಇವರು ಹೋದ್ರ ಯಾರ ಕಾಲಿಗಿ ಬೀಳ್ಲಿ?"

ಅವರು ಹಲ್ಲು ಕಚ್ಚಿದ್ದರು. ಒಂದು ಕೈಯಿಂದ ಬೆಲ್ಲದ ಪುಡಿಯನ್ನು ಒಸಡಿಗೆ ತಿಕ್ಕಿದೆ. ಇನ್ನೊಂದು ಕೈಯನ್ನು ಲಿಂಗ ಬೀಳದಂತೆ ಅವರ ಅಂಗೈ ಕೆಳಗೆ ಹಿಡಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವರು ಬೆಲ್ಲ ನುಂಗಿದರು, ಕಣ್ಣು ನನ್ನ ಮೇಲೆ ನಿಂತಿತು.

"ಪೂಜಿ ಕೆಡಿಸಿದೆಲ್ಲಬೇ!"

ಅವರಿಗೆ ನನ್ನ ಗುರುತು ಸಿಕ್ಕಿತಲ್ಲ ಎಂದು ಅಲ್ಲೇ ಕುಳಿತೆ.

ಮರುದಿನ ಬಸ್ಸು ಹತ್ತಿ ಡಾಕ್ಟರಿಗೆ ಹೇಳಿದೆ. "ಪೂಜಿ ಆಗೂತನಕ ಉಣ್ಣಂಗಿಲ್ಲಂತ ಮೊದಲ ಹೇಳಬಾರದೇನ್ರಿ?" ಎಂದು ಗದರಿದರು.

"ನೀವು ಕೇಳಿಲ್ಲಲ್ರಿ."

ಡಾಕ್ಟರು ಚೀಟಿಯಲ್ಲಿ ಸೂಜಿಯ ಹೊತ್ತು ತಿದ್ದಿ ಬರೆದರು. ಅಂದಿನಿಂದ ಮೊದಲು ಪೂಜೆ, ಆಮೇಲೆ ಸೂಜಿ, ಆಮೇಲೆ ರೊಟ್ಟಿ.

ಆದರೂ ನನ್ನ ಅಂಜಿಕೆ ಹೋಗಲಿಲ್ಲ. ನನಗೆ ಮಂತ್ರ ಕೇಳದಂತೆ ಬಾಯಿ ಮುಚ್ಚಿ ಪೂಜೆ ಮಾಡಿದರೆ ಬೆಲ್ಲ ತಗೊಂಡು ಒಳಗೆ ಬರುತ್ತೇನೆ ಎಂದು ಅವರಿಗೆ ಹೇಳಿಬಿಟ್ಟಿದ್ದೆ. ಮಂತ್ರ ನಿಂತರೆ ನನ್ನ ರೊಟ್ಟಿಯ ಸಪ್ಪಳವೂ ನಿಲ್ಲುತ್ತಿತ್ತು. ಆಗ ಒಳಗಿಂದ ಕೂಗುತ್ತಿದ್ದರು:

"ಇನ್ನಾ ಅದೀನಿಬೇ, ಬಡಿ ನಿನ್ನ ರೊಟ್ಟಿ!"