ಮಡಿಯಲ್ಲಿದ್ದ ಲ್ಯಾಪ್‌ಟಾಪ್

ಜಯನಗರದ ನಮ್ಮ ಮನೆಯಲ್ಲಿ ಮಡಿ ಮಾಡುವವರು ಇಬ್ಬರು. ಒಬ್ಬರು ನನ್ನ ದೊಡ್ಡಮ್ಮ, ಇನ್ನೊಬ್ಬ ನಾನು. ದೊಡ್ಡಮ್ಮನದು ಎಲ್ಲರಿಗೂ ಗೊತ್ತಿರುವ ಮಡಿ: ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಯಾರೂ ಮುಟ್ಟದ ಸೀರೆ ಉಟ್ಟು, ತಮ್ಮ ಅಡುಗೆ ತಾವೇ ಮಾಡಿಕೊಳ್ಳುವುದು, ಹೊರಗಿನ ಕಾಫಿಯನ್ನೂ ಬಾಯಿಗಿಡದಿರುವುದು. ನನ್ನದು ಕಂಪ್ಯೂಟರಿನ ಮಡಿ. ಅದಕ್ಕೆ ಆ ಹೆಸರಿಟ್ಟವಳು ನನ್ನ ಹೆಂಡತಿ.

ನಾನು ವಿಮಾ ಕಚೇರಿಯೊಂದರಲ್ಲಿ ಕ್ಲೇಮುಗಳನ್ನು ನೋಡುವವನು. ಕಂಪ್ಯೂಟರ್ ನನಗೆ ಹೊಟ್ಟೆಪಾಡಲ್ಲ, ಚಟ. ಲೋಕದ ಜನ ಏನಾದರೂ ಬೇಕಾದರೆ ಸಿದ್ಧವಾಗಿರುವ ಪ್ರೋಗ್ರಾಮನ್ನು ತಂದು ಹಾಕಿಕೊಂಡು ತಮ್ಮ ಕೆಲಸ ನೋಡುತ್ತಾರೆ. ನಾನು ಮಾತ್ರ ಅದನ್ನು ಬರೆದವರು ಬರೆದಿಟ್ಟ ಮೂಲವನ್ನೇ ತರಿಸಿ, ನನ್ನ ಯಂತ್ರದಲ್ಲಿ, ನನ್ನ ಕಣ್ಣೆದುರಿಗೆ ಪ್ರೋಗ್ರಾಮಾಗಿ ಮಾಡಿಕೊಳ್ಳುತ್ತೇನೆ. ಇದನ್ನು ಕಂಪೈಲ್ ಮಾಡುವುದು ಎನ್ನುತ್ತಾರೆ. ಚಿಕ್ಕದಾದರೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕು, ದೊಡ್ಡದಾದರೆ ಇಡೀ ದಿನ ಬೇಕು. ಕೊನೆಗೆ ಕೈಗೆ ಬರುವುದು ಎಲ್ಲರ ಹತ್ತಿರ ಮೊದಲೇ ಇರುವಂಥದ್ದೇ. "ಅದೇ ಬರೋದಾದ್ರೆ ಯಾಕ್ರೀ ಇಷ್ಟು ಒದ್ದಾಡ್ತೀರಾ?" ಎಂದು ಹೆಂಡತಿ ಕೇಳುತ್ತಾಳೆ. ಕಾಲೇಜಿಗೆ ಹೋಗುವಾಗ ನಾನು ದೊಡ್ಡಮ್ಮನನ್ನು ಕೇಳುತ್ತಿದ್ದುದೂ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು.

ದೊಡ್ಡಮ್ಮ ಇದೇ ಊರಿನ ಶ್ರೀನಗರದ ತಮ್ಮ ಮನೆಯಲ್ಲಿ ಬಹಳ ಕಾಲ ಹೆಂಗಸರಿಗೆ ದೇವರನಾಮ ಹೇಳಿಕೊಟ್ಟವರು. ದೊಡ್ಡಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದರು. ಶಿಷ್ಯೆಯರಿಗೂ ವಯಸ್ಸಾಗಿತ್ತು. ಒಬ್ಬರು ಚಿಕ್ಕಲಸಂದ್ರಕ್ಕೆ ಹೋಗಿದ್ದರು, ಇನ್ನೊಬ್ಬರು ಸುಬ್ರಹ್ಮಣ್ಯಪುರಕ್ಕೆ. ಎಲ್ಲರಿಗೂ ಮಂಡಿ ನೋವು. ಹಾಗಾಗಿ ಪ್ರತಿ ಶನಿವಾರ ನಾಲ್ಕು ಗಂಟೆಗೆ ದೊಡ್ಡಪ್ಪನ ಹಳೆಯ ಲ್ಯಾಪ್‌ಟಾಪಿನಲ್ಲಿ ವಿಡಿಯೋ ಪಾಠ ಶುರುವಾಯಿತು. ಮಿಕ್ಕ ದಿನ ಮಾತು ಕಡಿಮೆ ಮಾಡಿಬಿಟ್ಟಿದ್ದ ದೊಡ್ಡಮ್ಮ ಶನಿವಾರ ಮಧ್ಯಾಹ್ನವೇ ತಲೆ ಬಾಚಿಕೊಂಡು, ಶ್ರುತಿಪೆಟ್ಟಿಗೆ ಒರೆಸಿಟ್ಟುಕೊಂಡು ಕಾಯುತ್ತಿದ್ದರು. ವಾರವೆಲ್ಲ ಅವರು ಬದುಕುತ್ತಿದ್ದುದು ಆ ಒಂದು ಗಂಟೆಗಾಗಿ ಎಂದು ನನಗೆ ಅನಿಸುತ್ತಿತ್ತು.

ಒಂದು ಶನಿವಾರ ಲ್ಯಾಪ್‌ಟಾಪ್ ಮುಷ್ಕರ ಹೂಡಿತು. ಶಿಷ್ಯೆಯರ ಮುಖಗಳು ಬಾಯಿ ತೆರೆದ ಹಾಗೇ ನಿಂತುಬಿಟ್ಟವು, ಪಾಠ ನಡೆಯಲಿಲ್ಲ. ಚಿಕ್ಕಲಸಂದ್ರದವರು ಆಮೇಲೆ ಫೋನ್ ಮಾಡಿ, "ನಮ್ಮ ರಸ್ತೇಲೇ ಒಬ್ರು ಹೊಸದಾಗಿ ಕ್ಲಾಸ್ ಶುರು ಮಾಡಿದಾರೆ. ನಿಮ್ದು ಸರಿಹೋಗೋವರೆಗೂ ನಾವೆಲ್ಲ ಅಲ್ಲಿಗೇ ಸೇರ್ಕೊಳ್ಳೋಣ ಅಂತ..." ಎಂದು ರಾಗ ಎಳೆದರು. ಅದೂ ವಿಡಿಯೋ ಪಾಠವೇ ಅಂತೆ, ತೊಂದರೆಯೇ ಇಲ್ಲವಂತೆ. "ಮುಂದಿನ ಶನಿವಾರ ಖಂಡಿತಾ ಇರತ್ತೆ," ಎಂದು ದೊಡ್ಡಮ್ಮ ಹೇಳಿದರು. ಮೊಬೈಲಿನಲ್ಲಿ ಪಾಠ ಮಾಡಿ ಎಂದರೆ ಒಪ್ಪುವವರಲ್ಲ. ಅದರಲ್ಲಿ ಮುಖಗಳು ಕಡಲೆಕಾಳಿನಷ್ಟು ಕಾಣುತ್ತವೆ, ಯಾರು ಬಾಯಿ ಬಿಟ್ಟು ಹಾಡುತ್ತಿದ್ದಾರೆ, ಯಾರು ಕಳ್ಳಾಟ ಆಡುತ್ತಿದ್ದಾರೆ ಎಂದು ತಿಳಿಯುವುದಿಲ್ಲ. ನನ್ನ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಕೆಲಸ ಬಿಟ್ಟು ಬೇರೆಲ್ಲದಕ್ಕೂ ಬೀಗ. ನನ್ನ ಚಟದ ಡೆಸ್ಕ್‌ಟಾಪಿಗೆ ಕ್ಯಾಮೆರಾವೂ ಇಲ್ಲ, ಮೈಕೂ ಇಲ್ಲ.

"ನಾನು ಸರಿ ಮಾಡ್ಕೊಡ್ತೀನಿ ದೊಡ್ಡಮ್ಮ," ಎಂದೆ. ಹಾಗೆ ಹೇಳುವಾಗ ನನ್ನ ಎದೆ ಎಷ್ಟು ಉಬ್ಬಿತ್ತು ಎಂಬುದು ಈಗಲೂ ನೆನಪಿದೆ.

ಗುರುವಾರ ಸಂಜೆ ಲ್ಯಾಪ್‌ಟಾಪಿನಲ್ಲಿದ್ದುದನ್ನೆಲ್ಲ ಅಳಿಸಿ, ನನಗೆ ಪ್ರಿಯವಾದ ಪುಟ್ಟ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಅದು ನಮ್ಮೂರಿನ ಬಾಡಿಗೆ ಮನೆಯ ಹಾಗೆ: ಗೋಡೆ ಇದೆ, ನಲ್ಲಿ ಇದೆ, ಬಲ್ಬು ಫ್ಯಾನು ನೀವೇ ತರಬೇಕು. ತೆರೆದರೆ ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ಹಳೆಯ ಯಂತ್ರಕ್ಕೆ ಇದರಷ್ಟು ಹಗುರವಾದದ್ದು ಇನ್ನೊಂದಿಲ್ಲ. ಪಾಠ ನಡೆಯಲು ಬೇಕಾದದ್ದು ಬ್ರೌಸರ್ ಒಂದೇ. ಅದನ್ನು ಮೂಲದಿಂದಲೇ ಕಂಪೈಲ್ ಮಾಡುವುದೆಂದು ತೀರ್ಮಾನಿಸಿದೆ.

"ರೆಡಿಮೇಡ್ ಸಿಗಲ್ವಾ?" ಎಂದಳು ಹೆಂಡತಿ.

"ಸಿಗತ್ತೆ. ಆದ್ರೆ ಯಾರೋ ಎಲ್ಲೋ ಮಾಡಿದ್ದು. ಅದರೊಳಗೆ ಏನು ಹಾಕಿದಾರೋ ಯಾರಿಗೆ ಗೊತ್ತು?"

ಅವಳು ಹಣೆ ಚಚ್ಚಿಕೊಂಡಳು. ದೊಡ್ಡಮ್ಮ ಮಾತ್ರ ತಲೆಯಾಡಿಸಿ, "ನೀನು ಹೊರಗಿನ ಅಡುಗೆ ತಿನ್ನಲ್ಲ ಅಂತೀಯಾ. ಸರಿಯಪ್ಪಾ, ಅರ್ಥ ಆಯ್ತು," ಎಂದರು. ನನ್ನ ಸಿದ್ಧಾಂತ ಅಷ್ಟು ಬೇಗ ಅರ್ಥವಾದದ್ದು ನಮ್ಮ ಮನೆಯಲ್ಲಿ ಅವರೊಬ್ಬರಿಗೇ.

ಕಂಪೈಲ್ ಶುರುವಾಯಿತು. ಬ್ರೌಸರಿಗೆ ಮೊದಲು ಇನ್ನೊಂದು ಬೇಕು ಎಂದಿತು, ಆ ಇನ್ನೊಂದಕ್ಕೆ ಮತ್ತೊಂದು. ಎಲ್ಲವನ್ನೂ ಒದಗಿಸಿದ ಮೇಲೆ ಪರದೆಯ ತುಂಬ ಅಕ್ಷರಗಳು ಹರಿಯತೊಡಗಿದವು. ನಾನು ಕೈಕಟ್ಟಿ ನೋಡುತ್ತಾ ಕುಳಿತೆ. ಆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು, ಪ್ಲಗ್ ಕಿತ್ತರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಶುಕ್ರವಾರ ಬೆಳಿಗ್ಗೆ ಮನೆಗೆಲಸದವರು ನೆಲ ಒರೆಸುವಾಗ ಅಡ್ಡ ಬರುತ್ತದೆಂದು ಕಿತ್ತರು. ಸಿಟ್ಟು ನುಂಗಿ ಮೊದಲಿನಿಂದ ಶುರು ಮಾಡಿ, 'ಮುಟ್ಟಬೇಡಿ' ಎಂದು ದೊಡ್ಡದಾಗಿ ಚೀಟಿ ಬರೆದು ಅಂಟಿಸಿದೆ. ಸಂಜೆ ಸ್ವತಃ ನನ್ನ ಹೆಂಡತಿ ಇಸ್ತ್ರಿಪೆಟ್ಟಿಗೆಗೆಂದು ಕಿತ್ತಳು. "ಚೀಟಿ ಲ್ಯಾಪ್‌ಟಾಪ್ ಮೇಲಿತ್ತು, ನಾನು ಮುಟ್ಟಿದ್ದು ಪ್ಲಗ್," ಎಂದು ವಾದಿಸಿದಳು. ನಾನು ಕೂಗಾಡಿದೆ. "ಸುಮ್ನಿರಲಾರದೆ ಇರುವೆ ಬಿಟ್ಕೊಂಡೋರು ನೀವು, ನನ್ ಮೇಲ್ಯಾಕೆ ಕಿರುಚ್ತೀರಾ?" ಎಂದು ಅವಳೂ ದನಿ ಏರಿಸಿದಳು.

ಮತ್ತೆ ಮೊದಲಿನಿಂದ. ಶನಿವಾರ ಬೆಳಿಗ್ಗೆ ನೋಡಿದರೆ ಮುಕ್ಕಾಲು ಪಾಲು ಮುಗಿದಿತ್ತು. ಮಧ್ಯಾಹ್ನಕ್ಕೆ ಆಗಿಬಿಡುತ್ತದೆ ಎಂದು ಜೀವ ಬಂದಂತಾಯಿತು. ನನಗೆ ಹೊರಗೆ ಕೆಲಸವಿತ್ತು. ಬಾಗಿಲಲ್ಲಿ ಅನುಮಾನದಿಂದ ನಿಂತವನಿಗೆ ದೊಡ್ಡಮ್ಮ ಧೈರ್ಯ ಹೇಳಿದರು: "ನೀನು ಹೋಗಿ ಬಾ. ಅದು ಮಡೀಲಿದೆ ಅಂತ ಹೇಳ್ಬಿಡ್ತೀನಿ. ಆಮೇಲೆ ಯಾರು ಮುಟ್ತಾರೆ ನೋಡೋಣ."

ಎಂಥ ಉಪಾಯ! ನಮ್ಮ ಮನೆಯಲ್ಲಿ ಚೀಟಿಗೆ ಬೆಲೆಯಿಲ್ಲ, ಕೂಗಾಟಕ್ಕೆ ಬೆಲೆಯಿಲ್ಲ, ದೊಡ್ಡಮ್ಮನ ಮಡಿಗೆ ಮಾತ್ರ ಎಲ್ಲರೂ ಒಂದು ಮಾರು ದೂರ. ಜೀವಮಾನವಿಡೀ ಗೇಲಿ ಮಾಡಿದ ಪದ್ಧತಿಗೆ ಅಂದು ಮನಸ್ಸಿನಲ್ಲೇ ಕೈ ಮುಗಿದೆ. ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಿಂದ ಫೋನ್ ಮಾಡಿದಾಗ, "ಯಾರೂ ಹತ್ರ ಸುಳಿದಿಲ್ಲ ಕಣೋ," ಎಂದು ಹೆಮ್ಮೆಯಿಂದ ಹೇಳಿದರು.

ಮೂರು ಗಂಟೆಯ ಹೊತ್ತಿಗೆ ಮನೆಗೆ ಬಂದೆ. ನಡುಮನೆಯ ಮೂಲೆಯಲ್ಲಿ, ಮಣೆಯ ಮೇಲೆ, ದೊಡ್ಡಮ್ಮನ ಧಾಬಳಿ ಹೊದ್ದುಕೊಂಡು ಲ್ಯಾಪ್‌ಟಾಪ್ ಕುಳಿತಿತ್ತು. ಧಾಬಳಿ ಎಂದರೆ ದಪ್ಪ ಉಣ್ಣೆಯ ವಸ್ತ್ರ. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲವಾದ್ದರಿಂದ ಮಡಿಗೆ ಅದಕ್ಕಿಂತ ಮಿಗಿಲಾದದ್ದಿಲ್ಲ ಎಂಬುದು ಅವರ ಶಾಸ್ತ್ರ. ಬೆಚ್ಚಗಿಡುವುದಕ್ಕೂ ಅದಕ್ಕಿಂತ ಮಿಗಿಲಾದದ್ದಿಲ್ಲ. ತೆಗೆದು ನೋಡಿದರೆ ಲ್ಯಾಪ್‌ಟಾಪ್ ಕಾದ ಹೆಂಚಾಗಿತ್ತು. ಸೆಕೆ ತಾಳಲಾರದೆ ಯಾವಾಗಲೋ ತಾನಾಗಿಯೇ ಆರಿಹೋಗಿತ್ತು.

"ದೊಡ್ಡಮ್ಮ! ಉಸಿರು ಕಟ್ಟಿಸಿಬಿಟ್ರಲ್ಲ!" ಎಂದು ಅರಚಿದೆ.

ಅವರ ಮುಖ ಸಪ್ಪಗಾಯಿತು. "ಬರೀ ಮಾತಲ್ಲಿ ಮಡಿ ಅಂದ್ರೆ ನಂಬ್ತಾರೋ ಇಲ್ವೋ ಅಂತ ಹೊದಿಸ್ದೆ," ಎಂದರು. "ಪುನಃ ಮಾಡೋಕೆ ಎಷ್ಟು ಹೊತ್ತು ಬೇಕು?"

"ನಾಳೆ ಸಾಯಂಕಾಲ ಆಗತ್ತೆ."

ಅಷ್ಟರಲ್ಲಿ ಅವರ ಮೊಬೈಲ್ ಟಿಂಗ್ ಎಂದಿತು. 'ಇವತ್ತು ಪಾಠ ಇದೆಯಾ?' ಎಂದು ಚಿಕ್ಕಲಸಂದ್ರದವರು ಕೇಳಿದ್ದರು. ದೊಡ್ಡಮ್ಮ ಫೋನನ್ನು ಮಗುಚಿಟ್ಟರು. ಬಾಚಿದ ತಲೆಯನ್ನು ಸುಮ್ಮನೆ ಮತ್ತೊಮ್ಮೆ ಸವರಿಕೊಂಡರು.

"ರೆಡಿಮೇಡ್ ಇದೆ ಅಂದ್ರಲ್ಲಾ," ಎಂದಳು ಹೆಂಡತಿ, ಈ ಸಲ ಮೆಲ್ಲಗೆ.

"ಇದೆ. ಆದ್ರೆ..." ಎಂದು ಅಂಥ ಹೊತ್ತಿನಲ್ಲೂ ನಾನು ಶುರು ಮಾಡಿದೆ!

ದೊಡ್ಡಮ್ಮ ತಡೆದರು. "ನಿಮ್ಮ ದೊಡ್ಡಪ್ಪ ಆಸ್ಪತ್ರೇಲಿದ್ದಾಗ ನಾನು ಏನು ತಿಂತಿದ್ದೆ, ಹೇಳು?"

"ಹಾಲು, ಬಾಳೆಹಣ್ಣು." ಬಂಧುಬಳಗಕ್ಕೆಲ್ಲ ನಾನೇ ಅದನ್ನು ಹೇಳಿಕೊಂಡು ತಿರುಗಿದ್ದೆ. ಎಲ್ಲರೂ ಬೆರಗಾಗಿದ್ದರು.

"ನೀನು ತಂದಿಡ್ತಿದ್ದ ಬಾಳೆಹಣ್ಣನ್ನ ವಾರ್ಡಿನ ಆಯಮ್ಮನಿಗೆ ಕೊಡ್ತಿದ್ದೆ. ದಿನಾ ಕೆಳಗಡೆ ಕ್ಯಾಂಟೀನಿಗೆ ಹೋಗಿ ಇಡ್ಲಿ ತಿಂದು ಬರ್ತಿದ್ದೆ. ಯಾರು ಬೇಯಿಸಿದ್ರೋ, ಕೈ ತೊಳ್ಕೊಂಡಿದ್ರೋ ಇಲ್ವೋ, ನಾನು ಕೇಳ್ಲಿಲ್ಲ. ತಿನ್ನದೆ ಇದ್ದಿದ್ರೆ ರಾತ್ರಿಯೆಲ್ಲ ಅವರ ಪಕ್ಕ ಕೂತ್ಕೊಳ್ಳೋಕೆ ಶಕ್ತಿ ಎಲ್ಲಿಂದ ಬರ್ತಿತ್ತು? ಆಪತ್ತಿಗೆ ಮಡಿ ಇಲ್ಲ ಕಣೋ." ಶ್ರುತಿಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾ, "ಚಟ್ನಿ ಚೆನ್ನಾಗೇ ಇತ್ತು," ಎಂದೂ ಸೇರಿಸಿದರು.

ಹೆಂಡತಿ ನಗಲೂ ಆರದೆ ಅಳಲೂ ಆರದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ಲ್ಯಾಪ್‌ಟಾಪನ್ನು ಫ್ಯಾನಿನ ಕೆಳಗೆ ಆರಲು ಬಿಟ್ಟು, ಆಮೇಲೆ ಹೊತ್ತಿಸಿ, ಯಾರೋ ಎಲ್ಲೋ ಮಾಡಿದ ರೆಡಿಮೇಡ್ ಬ್ರೌಸರನ್ನು ತಂದು ಹಾಕಿದೆ. ಅಡುಗೆಮನೆಯಲ್ಲಿ ಹಾಲು ಉಕ್ಕುವಷ್ಟರಲ್ಲಿ ಕೆಲಸ ಮುಗಿಯಿತು.

ನಾಲ್ಕು ಗಂಟೆಗೆ ಮುಖಗಳು ಒಂದೊಂದಾಗಿ ತೆರೆದುಕೊಂಡವು. ಚಿಕ್ಕಲಸಂದ್ರದವರು ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದರು. ದೊಡ್ಡಮ್ಮ ಶ್ರುತಿ ಹಿಡಿದು ಮೊದಲ ಸಾಲು ಎತ್ತಿದರು. ಧಾಬಳಿಯನ್ನು ಕೈಯಲ್ಲಿ ಹಿಡಿದುಕೊಂಡು, ಅವರ ಹಿಂದೆ, ಕ್ಯಾಮೆರಾಕ್ಕೆ ಕಾಣದ ಹಾಗೆ ನಿಂತಿದ್ದೆ.

ಪಾಠ ಮುಗಿದ ಮೇಲೆ ಚಿಕ್ಕಲಸಂದ್ರದವರು ಕೇಳಿದರು: "ಇವತ್ತು ಎಷ್ಟು ಚೆನ್ನಾಗಿ ಬಂತು! ಯಾವ ಅಂಗಡೀಲಿ ಸರಿ ಮಾಡ್ಸಿದ್ರಿ?"

ದೊಡ್ಡಮ್ಮ ಒಮ್ಮೆ ತಿರುಗಿ ನನ್ನ ಮುಖ ನೋಡಿ, ಮತ್ತೆ ಪರದೆಯ ಕಡೆ ತಿರುಗಿದರು.

"ಅಂಗಡಿ ಎಲ್ಲಿ ಬಂತು? ನಮ್ಮ ಹುಡುಗ ಎರಡು ದಿನ ಕೂತು ಮಾಡಿದ್ದು. ಎಲ್ಲಾ ಮನೇದೇ, ಹೊರಗಿಂದು ಏನೂ ಇಲ್ಲ."