ಎಡಗಡೆ ಕುಳಿತ ಅಕ್ಬರಬಿ

ಪರೇಲಿನ ಗಿರಣಿಗಳ ಹಿಂದಿನ ಚಾಳಿನಲ್ಲಿ ಅಕ್ಬರಬಿಯ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ನಳದ ಮುಂದೆ ಅವಳ ಕೊಡವನ್ನು ಯಾರಾದರೂ ಹಿಂದಕ್ಕೆ ಸರಿಸಿದರೆ ಸಂಜೆಯವರೆಗೂ ಅದರ ಫಲ ಉಣ್ಣಬೇಕಾಗುತ್ತಿತ್ತು. ಇಂಡಿ ತಾಲೂಕಿನ ಪಿಂಜಾರರ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಗಂಡ ಚಮನಸಾಬನ ಬೆನ್ನು ಹಿಡಿದು ಮುಂಬೈಗೆ ಬಂದವಳು. ಅವನು ಹತ್ತಿ ಹಿಂಜುವ ಕಮಾನನ್ನು ಹೆಗಲಿಗೇರಿಸಿ ಬೀದಿ ಬೀದಿ ತಿರುಗುತ್ತಿದ್ದ. ಇವಳು ಜೊತೆಗೆ ಹೋಗಿ ಗಾದಿ ಹೊಲಿಯುತ್ತಿದ್ದಳು. ಮನೆಮಾತು ಕನ್ನಡ. ಗಿರಾಕಿಗೆ ಮರಾಠಿ, ಪೊಲೀಸನಿಗೆ ಹಿಂದಿ, ಜಗಳಕ್ಕೆ ಕನ್ನಡ ಎಂದು ಅಕ್ಬರಬಿ ಭಾಷೆಗಳನ್ನು ಹಂಚಿಟ್ಟುಕೊಂಡಿದ್ದಳು. ಅವುಗಳಲ್ಲಿ ಹೆಚ್ಚು ಬಳಕೆಯಾಗುತ್ತಿದ್ದದ್ದು ಯಾವುದೆಂದು ಹೇಳಬೇಕಾಗಿಲ್ಲ.

ಎಪ್ಪತ್ಮೂರನೆಯ ಇಸವಿಯ ಬೇಸಿಗೆ. ಮಳೆ ಹಿಡಿಯುವ ಮೊದಲೇ ಎಲ್ಲರಿಗೂ ಗಾದಿ ಹಿಂಜಿಸಿಕೊಳ್ಳುವ ಅವಸರ, ಗಂಡಹೆಂಡತಿಗೆ ಕೈತುಂಬ ಕೆಲಸ. ದಾದರಿನ ಒಂದು ಮನೆಯಲ್ಲಿ ಚಮನಸಾಬ ಹಾಕಿದ ಹೊಲಿಗೆ ಸೊಟ್ಟಗೆ ಹೋಯಿತು. ಅಕ್ಬರಬಿ ಮನೆಯೊಡತಿಯ ಎದುರೇ ಅದನ್ನು ಸರಕ್ಕನೆ ಕಿತ್ತು ತಾನೇ ಹೊಲಿದಳು. ದಾರಿಯುದ್ದಕ್ಕೂ ಅವನು ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಚಾಳಿನ ಮೆಟ್ಟಿಲ ಬಳಿ ನಿಂತು ಹೇಳಿದ:

"ಗಿರಾಕಿ ಮುಂದ ನನ್ನ ಮರ್ಯಾದಿ ಕಳದಿ. ಇನ್ನ ನಿನ್ನ ಮಾರಿ ನೋಡಂಗಿಲ್ಲ."

ಮರುದಿನ ಬೆಳಿಗ್ಗೆ ಚಹಾದ ಕಪ್ಪು ಅವನ ಕೈಯಿಂದ ಜಾರಿತು. ಅದನ್ನು ಎತ್ತಿಕೊಳ್ಳಲು ಬಗ್ಗಿದವನು ಏಳಲಿಲ್ಲ. ಎಡಗೈ, ಎಡಗಾಲು ಎರಡೂ ಬಿದ್ದುಹೋಗಿದ್ದವು. ಪಕ್ಕದ ಖೋಲಿಯ ಸುಂದ್ರವ್ವ ಓಡಿಬಂದು ನೋಡಿ, "ಲಕ್ವಾ ಹೊಡದೈತಿ" ಎಂದಳು. ಚಾಳಿನವರೆಲ್ಲ ಸೇರಿ ಟ್ಯಾಕ್ಸಿಯಲ್ಲಿ ಹಾಕಿಕೊಂಡು ಅವನನ್ನು ದೊಡ್ಡ ಆಸ್ಪತ್ರೆಗೆ ಒಯ್ದರು.

ಜೀವ ಉಳಿಯಿತು. ಮಾತೂ ಉಳಿಯಿತು. ಅಕ್ಬರಬಿಯ ಹೊಟ್ಟೆ ಉರಿಸಿದ್ದು ಆ ಮಾತೇ. ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತು "ಗಂಜಿ ಕುಡೀತೀರೇನು?" ಎಂದು ಕೇಳಿದರೆ "ಹೂಂ" ಎನ್ನುತ್ತಿದ್ದ, ಮುಖ ಮಾತ್ರ ಆಚೆಯ ಕಿಟಕಿಯ ಕಡೆಗೆ. "ಕಾಲು ಒತ್ತಲೇನು?" ಎಂದರೆ "ಒತ್ತು" ಎಂದು ಕಿಟಕಿಗೇ ಹೇಳುತ್ತಿದ್ದ. ಒಂದು ಸಲವೂ ಅವಳತ್ತ ತಿರುಗಲಿಲ್ಲ. ಮಾತು ಸತ್ತಿದ್ದರೆ ರೋಗವೆಂದು ಸಹಿಸಿಕೊಳ್ಳುತ್ತಿದ್ದಳೋ ಏನೋ. ಇದು ಹಾಗಲ್ಲ, ಆಡಿದ ಮಾತನ್ನು ನಡೆಸುತ್ತಿದ್ದಾನೆ ಎಂದುಕೊಂಡಳು. ಸಾವಿನ ಬಾಗಿಲಿಗೆ ಹೋಗಿ ಬಂದರೂ ಇಳಿಯದ ಸಿಟ್ಟು ಎಂಥದ್ದು ಎಂದು ಅವಳಿಗೆ ಮೊದಲು ಕೋಪ ಬಂತು, ಆಮೇಲೆ ಭಯವಾಯಿತು.

ಆ ವಾರ್ಡಿನಲ್ಲಿ ಜಯಸಿಂಹ ಎಂಬ ಮೈಸೂರಿನ ಡಾಕ್ಟರಿದ್ದರು. ಮುಲುಂಡಿನಿಂದ ದಿನಾ ಲೋಕಲ್‌ನಲ್ಲಿ ಜೋತಾಡಿಕೊಂಡು ಬರುತ್ತಿದ್ದ ಸಣಕಲು ಮನುಷ್ಯ. ತಲೆಯೊಳಗೆ ಇಣುಕಿ ನೋಡುವ ಯಂತ್ರಗಳು ಈ ಊರಿಗೆ ಬಾರದಿದ್ದ ಕಾಲ ಅದು. ರೋಗಿಯನ್ನು ಮಾತಾಡಿಸಿ, ಮುಟ್ಟಿ, ಗಂಟೆಗಟ್ಟಲೆ ನೋಡುತ್ತ ಕೂರುವುದೇ ಅವರ ವಿದ್ಯೆ. ಕನ್ನಡದವರೆಂದು ತಿಳಿದದ್ದೇ ಅಕ್ಬರಬಿ ಅವರನ್ನು ಅಡ್ಡಗಟ್ಟಿದಳು.

"ಸಾಹೇಬ್ರ, ಇವರಿಗೆ ಬ್ಯಾನಿ ಅಲ್ರಿ, ಸಿಟ್ಟು. ನನ್ನ ಮಾರಿ ನೋಡಂಗಿಲ್ಲ ಅಂದಿದ್ರು. ಅದನ್ನ ಹಟಾ ಹಿಡದು ನಡಸಾಕತ್ತಾರ."

ಡಾಕ್ಟರು ನಗಲಿಲ್ಲ. ಅವಳ ಸಂಚಿಯಲ್ಲಿದ್ದ ಗಾದಿಯ ದಾರವನ್ನು ಕೇಳಿ ತೆಗೆದುಕೊಂಡು, ಒಂದು ಮೊಳದಷ್ಟನ್ನು ಚಮನಸಾಬನ ಎದುರು ಅಡ್ಡಲಾಗಿ ಬಿಗಿಹಿಡಿದರು.

"ಚಮನಸಾಬರೇ, ಇದರ ಮಧ್ಯ ಎಲ್ಲಿದೆ, ಹಿಡ್ಕೊಳ್ಳಿ ನೋಡೋಣ."

ಆಳುದ್ದದ ಗಾದಿಯ ನಡುವನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದ ಮನುಷ್ಯ ಬಲಗೈ ಚಾಚಿ, ದಾರದ ಬಲತುದಿಯ ಹತ್ತಿರ ಚಿವುಟಿ ಹಿಡಿದು, "ಇದ ನಡು" ಎಂದ. ಸಂಶಯದ ಸುಳಿವೇ ಇಲ್ಲದ ದನಿ.

"ನೀವು ಈಗ ಎದ್ದು, ಮಂಚ ಬಳಸಿಕೊಂಡು ಆ ಕಡೆ ಹೋಗಿ ನಿಂತ್ಕೊಳ್ಳಿ," ಎಂದರು ಡಾಕ್ಟರು.

ಅವಳು ಗಂಡನ ಬಲಗಡೆಗೆ ಹೋದಳು. ಚಮನಸಾಬನ ಮುಖ ಅರಳಿತು.

"ಬಂದೇನು? ಯಾವಾಗ ಬಂದಿ?"

ಬೆಳಗಿನಿಂದ ಅವನ ಪಕ್ಕದಲ್ಲೇ ಕುಳಿತಿದ್ದ ಹೆಂಗಸು ಮಂಚದ ಸರಳು ಹಿಡಿದುಕೊಂಡು ಗೊಳೋ ಎಂದು ಅತ್ತಳು.

ಡಾಕ್ಟರು ಬಿಡಿಸಿ ಹೇಳಿದರು. ಮೆದುಳಿನ ಬಲಭಾಗಕ್ಕೆ ರಕ್ತ ಹೋಗುವ ದಾರಿ ಕಟ್ಟಿದೆ. ಕಾರಣ ಜಗಳವಲ್ಲ, ವರ್ಷಗಳಿಂದ ಯಾರೂ ನೋಡದೆ ಬಿಟ್ಟಿದ್ದ ರಕ್ತದೊತ್ತಡ. ಕಣ್ಣು ಕಿವಿ ಚೆನ್ನಾಗಿವೆ, ಆದರೆ ಎಡಗಡೆ ಎನ್ನುವುದೊಂದು ಇದೆಯೆಂದು ಅವನ ಮೆದುಳಿಗೆ ತೋಚುತ್ತಿಲ್ಲ. ಅವಳ ದನಿ ಕೇಳುತ್ತದೆ. ಎಲ್ಲಿಂದ ಬಂತೆಂದು ಬಲಗಡೆ ಹುಡುಕುತ್ತಾನೆ.

"ಮನೀಗಿ ಕರಕೊಂಡು ಹೋದ ಮ್ಯಾಲೆ ನಾ ಯಾವ ಕಡೆ ಕುಂಡ್ರಬೇಕ್ರಿ?" ಎಂದು ಕೇಳಿದಳು ಅಕ್ಬರಬಿ.

"ಗೊತ್ತಿಲ್ಲ," ಎಂದರು ಡಾಕ್ಟರು.

ಡಾಕ್ಟರೊಬ್ಬರ ಬಾಯಿಂದ ಈ ಮಾತನ್ನು ಅವಳು ಕೇಳಿದ್ದು ಇದೇ ಮೊದಲು. ಇವನೆಂಥ ಡಾಕ್ಟರು ಎಂದು ಮೇಲಿನಿಂದ ಕೆಳಗೆ ನೋಡಿದಳು. ಅವರು ಮುಂದುವರಿಸಿದರು:

"ಕಾಣೋ ಕಡೆ ಇದ್ದರೆ ರೋಗಿಗೆ ಧೈರ್ಯ, ಬೇಗ ಗುಣವಾಗ್ತಾನೆ ಅಂತ ಕೆಲವರು ಹೇಳ್ತಾರೆ. ಕಾಣದ ಕಡೆಯಿಂದಲೇ ಕರೀತಾ ಇದ್ದರೆ ಮೆದುಳು ಆ ಕಡೆ ತಿರುಗೋದು ಕಲಿಯುತ್ತೆ ಅಂತ ಇನ್ನು ಕೆಲವರು. ಯಾರೂ ಸರಿಯಾಗಿ ಹೋಲಿಸಿ ನೋಡಿಲ್ಲ. ನಾನು ನೋಡ್ತಾ ಇದ್ದೀನಿ. ಒಪ್ಪಿದವರ ಮನೆಗೆ ಒಂದು ಚೀಟಿ ಎತ್ತುತ್ತೀನಿ, ಬಲ ಅಥವಾ ಎಡ. ಆರು ವಾರ ಹಾಗೇ ನಡೀಬೇಕು. ಬೇಡ ಅನಿಸಿದರೆ ಯಾವತ್ತು ಬೇಕಾದರೂ ಹೇಳಿಬಿಡಿ, ನಿಲ್ಲಿಸೋಣ. ಕದ್ದು ಮಾತ್ರ ಬದಲಾಯಿಸಬೇಡಿ. ನನ್ನ ಲೆಕ್ಕ ಸುಳ್ಳಾಗುತ್ತೆ. ಆ ಸುಳ್ಳನ್ನ ನಂಬಿ ನಾಳೆ ಇನ್ನೊಬ್ಬ ಹೆಂಗಸಿಗೆ ತಪ್ಪು ದಾರಿ ಹೇಳ್ತೀನಿ."

ಹೊಸ ಹತ್ತಿಯೊಳಗೆ ಕದ್ದು ಹಳೇ ಹತ್ತಿ ಸೇರಿಸುವ ಪಿಂಜಾರರನ್ನು ಅಕ್ಬರಬಿ ಕಂಡಿದ್ದಳು, ಅವರ ಮುಖಕ್ಕೆ ಉಗಿದೂ ಇದ್ದಳು. ಡಾಕ್ಟರ ಮಾತು ಅವಳಿಗೆ ಹಿಡಿಸಿತು. ಒಪ್ಪಿದಳು. ಆದರೆ ಒಳಗೊಳಗೆ ಚೀಟಿಯಲ್ಲಿ ಎಡವೇ ಬರಲಿ ಎಂದು ಬೇಡಿಕೊಂಡಳು. ಅದಕ್ಕೊಂದು ಕಾರಣವಿತ್ತು. ಖೋಲಿಯಲ್ಲಿ ಮಂಚ ಹಿಡಿಯುವುದು ದಕ್ಷಿಣದ ಗೋಡೆಗೆ ಮಾತ್ರ. ಉತ್ತರಕ್ಕೆ ಮೋರಿ, ಒಲೆ, ಪಾತ್ರೆ. ತಲೆ ಪಶ್ಚಿಮಕ್ಕಿಟ್ಟು ಮಲಗಿದರೆ ಬಲಕ್ಕೆ ಗೋಡೆ, ಎಡಕ್ಕೆ ಇಡೀ ಸಂಸಾರ. ಬಲಗಡೆ ಮನೆಯವರು ಕೂರುವಂತೆ ಆಗಬೇಕೆಂದರೆ ಅವನನ್ನು ತಿರುಗಿಸಿ ಮಲಗಿಸಬೇಕು, ಆಗ ಕಾಲು ಪಶ್ಚಿಮಕ್ಕೆ ಬರುತ್ತದೆ. ನಮಾಜಿಗೆ ಮುಖ ಮಾಡುವ ದಿಕ್ಕಿಗೆ ಕಾಲು ಚಾಚಿ ಮಲಗುವುದುಂಟೆ? ಅದೂ ಇಂಥ ಹೊತ್ತಿನಲ್ಲಿ!

ಚೀಟಿ ಎಡವೆಂದೇ ಬಂತು. ಅಕ್ಬರಬಿ ದೇವರಿಗೆ ಶುಕ್ರಿಯಾ ಹೇಳಿ ಗಂಡನನ್ನು ಮನೆಗೆ ಕರೆತಂದಳು. ತಾನು ಒಪ್ಪಿಕೊಂಡದ್ದು ಏನನ್ನು ಎಂದು ಅವಳಿಗೆ ಗೊತ್ತಾದದ್ದು ಆಮೇಲೆ.

ಚಮನಸಾಬ ತಾಟಿನಲ್ಲಿದ್ದ ರೊಟ್ಟಿಯ ಬಲ ಅರ್ಧವನ್ನು ತಿಂದು, "ಇಷ್ಟ ಏನು? ಹೊಟ್ಟಿ ತುಂಬಲಿಲ್ಲ" ಎನ್ನುತ್ತಿದ್ದ. ಅವಳು ತಾಟನ್ನು ತಿರುಗಿಸಿದರೆ, "ಈಗ ತಂದೇನು?" ಎಂದು ಉಳಿದರ್ಧ ತಿನ್ನುತ್ತಿದ್ದ. ಗಡ್ಡ ಹೆರೆದುಕೊಂಡರೆ ಬಲಗೆನ್ನೆಯದಷ್ಟೇ ಹೋಗುತ್ತಿತ್ತು. ಇದಕ್ಕೆಲ್ಲ ಅವಳು ಸುಂದ್ರವ್ವನ ಜೊತೆ ಸೇರಿ ನಕ್ಕದ್ದೂ ಉಂಟು. ನಗಲಾಗದೆ ಹೋದದ್ದು ಇನ್ನೊಂದಕ್ಕೆ. ದಿನವಿಡೀ ಅವನು ಗೋಡೆಯ ಜೊತೆ ಮಾತಾಡುತ್ತಿದ್ದ.

"ಅಕ್ಬರಬಿ, ಎಲ್ಲಿ ಅದಿ?"

"ಇಲ್ಲೇ ಅದೀನ್ರಿ. ನಿಮ್ಮ ಎಡಕ್ಕ. ಈ ಕಡೆ ಹೊಳ್ರಿ."

"ಕಾಣವಲ್ಲಿ," ಎಂದು ಅವನು ಗೋಡೆಯ ಸುಣ್ಣವನ್ನು ಬೆರಳಿನಿಂದ ಸವರುತ್ತಿದ್ದ.

ಅವಳು ಎಡಗೈ ತಿಕ್ಕಿದಳು, ಎಡಗೆನ್ನೆ ಮುಟ್ಟಿದಳು, ಎಡಗಿವಿಯ ಹತ್ತಿರ ಕೂಗಿದಳು. ಚಾಳನ್ನೆಲ್ಲ ನಡುಗಿಸುತ್ತಿದ್ದ ಬಾಯಿ ಒಬ್ಬ ಮನುಷ್ಯನ ಕತ್ತನ್ನು ತಿರುಗಿಸಲಾರದೆ ಹೋಯಿತು. ರೋಗವೆಂದು ಈಗ ಗೊತ್ತಿತ್ತು, ಆದರೆ ಗೊತ್ತಿದ್ದರೆ ನೋವಾಗುವುದಿಲ್ಲವೆ? ಕಟ್ಟಿಕೊಂಡ ಗಂಡನ ಪಾಲಿಗೆ ತಾನಿದ್ದೂ ಇಲ್ಲ. ಹತ್ತಿ ಹಿಂಜಿದ ಧೂಳಿನಲ್ಲಿ ಅಷ್ಟು ವರ್ಷ ಎದುರುಬದುರು ಕುಳಿತು ಬದುಕಿದ್ದು ಇದಕ್ಕಾಗಿಯೇ ಎನಿಸಿ ಅವಳಿಗೆ ಅನ್ನ ಸೇರದಾಯಿತು.

ಶನಿವಾರ ಶನಿವಾರ ಡಾಕ್ಟರು ಬಂದು ದಾರ ಹಿಡಿಯುತ್ತಿದ್ದರು. ಚಮನಸಾಬನ ಬೆರಳು ಬಲತುದಿಯನ್ನು ಬಿಟ್ಟು ಕದಲುತ್ತಿರಲಿಲ್ಲ.

"ಆ ಡಾಕ್ಟರ ಬರೂದು ವಾರಕ್ಕೊಮ್ಮಿ," ಎಂದಳು ಸುಂದ್ರವ್ವ ಒಂದು ಮಧ್ಯಾಹ್ನ. "ಉಳದ ದಿನ ತಿರುಗಿಸಿ ಮಲಗಸು. ಬ್ಯಾನಿ ಮನಿಶ್ಯಾನ ಕಾಲು ಯಾವ ದಿಕ್ಕಿಗಿದ್ರೂ ದೇವರು ಸಿಟ್ಟಾಗಂಗಿಲ್ಲ. ನೀ ಹಿಂಗ ಸೊರಗಿ ಸತ್ರ ಅವನ್ನ ನೋಡವರ್ಯಾರು?"

ಸುಂದ್ರವ್ವ ಹೋದ ಮೇಲೆ ಅಕ್ಬರಬಿ ಎದ್ದು ಮಂಚವನ್ನು ಗೋಡೆಯಿಂದ ಒಂದು ಗೇಣು ಎಳೆದಳು. ತಿರುಗಿಸುವುದೇ ಬೇಡ, ಈ ಸಂದಿಯಲ್ಲಿ ನುಸುಳಿ ನಿಂತರೆ ಸಾಕು. ಬರೀ ಒಮ್ಮೆ ಅವನು ತನ್ನನ್ನು ನೋಡಲಿ. "ಏನದು ಸಪ್ಪಳ?" ಎಂದ ಚಮನಸಾಬ ಗೋಡೆಗೆ. ಅವಳು ಒಂದು ಕಾಲು ಸಂದಿಯೊಳಗಿಟ್ಟು ನಿಂತಳು. ಡಾಕ್ಟರು ಹೇಳಿದ ಆ ಇನ್ನೊಬ್ಬ ಹೆಂಗಸು ನೆನಪಾದಳು. ಅವಳ ಹೆಸರಿಲ್ಲ, ಊರಿಲ್ಲ. ಯಾವಳೋ ಏನೋ, ಹಾಳಾಗಿ ಹೋಗಲಿ ಎಂದು ಬೈದುಕೊಂಡಳು. ಬೈದದ್ದೇನೋ ಹೌದು. ಆದರೆ ಕಾಲನ್ನು ಈಚೆಗೆ ತೆಗೆದು, ಮಂಚವನ್ನು ಮತ್ತೆ ಗೋಡೆಗೆ ನೂಕಿ, ಎಡಗಡೆಗೇ ಬಂದು ಕುಳಿತಳು.

ಐದನೆಯ ವಾರದಲ್ಲಿ ಒಂದು ಬೆಳಿಗ್ಗೆ ಅವಳು ನೆಲದ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನನ್ನು ಕರೆಯುವುದನ್ನೂ ಬಿಟ್ಟಿದ್ದಳು. ಯಾರೋ ನೋಡುತ್ತಿದ್ದಾರೆ ಎನಿಸಿ ತಲೆಯೆತ್ತಿದರೆ, ಚಮನಸಾಬನ ಕತ್ತು ಈಚೆಗೆ ಹೊರಳಿತ್ತು. ಕಣ್ಣು ಅವಳ ಮೇಲಿತ್ತು.

"ಯಾಕ ಇಷ್ಟ ಸೊರಗೀದಿ?" ಎಂದ.

ಮೊರದ ಅಕ್ಕಿಯೆಲ್ಲ ನೆಲಕ್ಕೆ ಹೋಯಿತು. ಅವಳಿಗೆ ಅದರ ಖಬರಿರಲಿಲ್ಲ.

ಆ ಶನಿವಾರ ದಾರದ ಮೇಲೆ ಅವನ ಬೆರಳು ನಡುವಿನ ಸಮೀಪಕ್ಕೆ ಬಂತು. ಗಡುವು ಮುಗಿಯುವಷ್ಟರಲ್ಲಿ ಕರೆದರೆ ತಿರುಗುವಂತಾದ. ಎಡಗೈ ಪೂರ್ತಿ ಮರಳಲಿಲ್ಲ, ಕಮಾನು ಹಿಡಿಯುವುದು ಮುಗಿದ ಮಾತಾಯಿತು. ಕಮಾನನ್ನು ಅಕ್ಬರಬಿಯೇ ಹೆಗಲಿಗೇರಿಸಿದಳು. ಹೆಂಗಸು ಹತ್ತಿ ಹಿಂಜುವುದನ್ನು ಪರೇಲಿನ ಜನ ಬಾಯಿ ಬಿಟ್ಟುಕೊಂಡು ನೋಡಿದರು. ಹೆಚ್ಚು ಹೊತ್ತು ನೋಡಿದವರು ಬೈಸಿಕೊಂಡರು. ಚಮನಸಾಬ ಬಲಗೈಯಲ್ಲಿ ಹೊಲಿಯುತ್ತಿದ್ದ, ಅವಳು ಬಟ್ಟೆ ಹಿಡಿದುಕೊಡುತ್ತಿದ್ದಳು. ಎಡಗಡೆ ಕುಳಿತು ಗಂಡನನ್ನು ತಿರುಗಿಸಿಕೊಂಡ ಕಥೆಯನ್ನು ನಳದ ಮುಂದೆ ಕೇಳದವರಿಲ್ಲ.

ಎರಡು ವರ್ಷ ಕಳೆದ ಮೇಲೆ ಡಾಕ್ಟರು ಒಂದು ಸಂಜೆ ತಾವಾಗಿಯೇ ಬಂದರು. ಎಲ್ಲ ಮನೆಗಳ ಲೆಕ್ಕ ಮುಗಿದಿತ್ತು. ಭಾಗವಹಿಸಿದವರಿಗೆ ಫಲಿತಾಂಶ ಹೇಳಬೇಕಾದ್ದು ತಮ್ಮ ಕರ್ತವ್ಯ ಎಂದರು. ಅಕ್ಬರಬಿ ಕಪ್ಪುಬಸಿಯಲ್ಲಿ ಚಹಾ ಕೊಟ್ಟು, ಬಹುಮಾನ ಕೇಳಲು ಕೂತವಳಂತೆ ಎದುರಿಗೆ ಕುಳಿತಳು.

"ಎರಡೂ ಒಂದೇ ಅಂತ ಗೊತ್ತಾಯಿತು ಅಕ್ಬರಬಿಯವರೇ. ಎಡಗಡೆ ಕೂತವರ ಮನೇಲಿ ಎಷ್ಟು ಜನ ತಿರುಗಿದರೋ, ಬಲಗಡೆ ಕೂತವರ ಮನೇಲೂ ಹೆಚ್ಚುಕಡಿಮೆ ಅಷ್ಟೇ ಜನ, ಅಷ್ಟೇ ದಿನಕ್ಕೆ."

"ಅಂದ್ರ? ನಾ ಬಲಕ್ಕ ಕುಂತಿದ್ರೂ ಇವರು ಹಿಂಗ ಆರಾಮ ಆಗತಿದ್ರೇನು?"

"ನನಗೆ ಕಂಡಮಟ್ಟಿಗೆ, ಹೌದು."

"ದಿನಾ ಅವರಿಗೆ ಕಾಣಕೋತ, ಮಾರಿ ನೋಡಿ ಮಾತಾಡಕೋತ?"

"ಹೌದು."

ಅಕ್ಬರಬಿಯ ಮುಖ ಕೆಂಪಾಯಿತು. ಎರಡು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ ಹೆಮ್ಮೆ ಹೋದದ್ದಲ್ಲ ಅವಳ ಸಂಕಟ. ಆ ವಾರಗಳು ಹೋದವಲ್ಲ ಎಂಬ ಸಂಕಟ. ಈಗ ಈ ಡಾಕ್ಟರಿಗೆ ಗ್ರಹಚಾರ ಕಾದಿದೆ ಎಂದು ಬಾಗಿಲಲ್ಲಿ ನಿಂತಿದ್ದ ಸುಂದ್ರವ್ವ ಸೆರಗು ಬಾಯಿಗೆ ಹಿಡಿದಳು. ಡಾಕ್ಟರೂ ಕಾದರು.

ಅವಳು ಗೋಡೆಗೆ ಹತ್ತಿದ ಮಂಚವನ್ನೊಮ್ಮೆ ನೋಡಿ ಕೇಳಿದಳು:

"ಈಗ ನಿಮ್ಮ ದವಾಖಾನ್ಯಾಗ ಇಂಥವರು ಯಾರರ ಅದಾರೇನ್ರಿ?"

"ಒಬ್ಬರಿದ್ದಾರೆ. ರಮಾನಾಥ ಅಂತ, ಬ್ಯಾಂಕಿನವರು. ನಿನ್ನೆ ಸೇರಿಸಿದರು."

"ಹೇಣ್ತಿ?"

"ಪಕ್ಕದಲ್ಲೇ ಕೂತಿರ್ತಾರೆ ಪಾಪ."

"ಯಾವ ಕಡೆ?"

ಡಾಕ್ಟರು ನೆನಪಿಸಿಕೊಂಡು, "ಎಡಗಡೆ," ಎಂದರು.

"ಮತ್ತ ಇಲ್ಲಿ ಚಾ ಕುಡಕೋತ ಯಾಕ ಕುಂತೀರಿ? ಏಳ್ರಿ ಮ್ಯಾಲೆ! ಹೋಗಿ ಆಕಿನ್ನ ಆ ಕಡೆ ಕುಂಡ್ರಸ್ರಿ!"

ಡಾಕ್ಟರು ಅರ್ಧ ಕುಡಿದ ಚಹಾವನ್ನು ಅಲ್ಲೇ ಇಟ್ಟು ಎದ್ದರು.